ಚಟ ಬಿಟ್ಟವನ ನೂರನೇ ದಿನ

ತಾಯಂದಿರೇ, ಹಿರಿಯರೇ, ಮೊದಲು ಒಂದು ಕ್ಷಮೆ ಕೇಳಿಕೊಳ್ಳುತ್ತೇನೆ. ಈಗ ಹೇಳಲು ಹೊರಟಿರುವ ಕಥೆಯನ್ನು ಹೇಳುವ ಅಧಿಕಾರ ನನಗಿದೆಯೇ ಎಂದು ಎರಡು ದಿನದಿಂದ ಯೋಚಿಸುತ್ತಿದ್ದೇನೆ. ನಾನು ಗುಳಿಗೆಯ ಚಟಕ್ಕೆ ಬಿದ್ದವನಲ್ಲ. ಬಿದ್ದು ಎದ್ದವನೂ ಅಲ್ಲ. ಹಗಲು ಕೆಲಸ ಮಾಡಿ ಸಂಜೆ ಕಾಲೇಜಿನಲ್ಲಿ ನಾಲ್ಕಕ್ಷರ ಕಲಿತವನು. ವೈದ್ಯಶಾಸ್ತ್ರ ಓದಿದವನಲ್ಲ. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಈ ನೋವಿದ್ದರೆ, ಇವನು ನಮ್ಮ ನೋವಿನಲ್ಲಿ ನಗಿಸಲು ಹೊರಟಿದ್ದಾನೆ ಎಂದು ದಯವಿಟ್ಟು ತಿಳಿಯಬೇಡಿ. ಈ ಕಥೆಯಲ್ಲಿ ನಗು ಬರುವುದು ಬಿದ್ದವನನ್ನು ಕಂಡಲ್ಲ. ಸುತ್ತ ನಿಂತು ನೋಡಿದವರನ್ನು ಕಂಡು. ಅಂದರೆ ನಮ್ಮನ್ನು ಕಂಡು. ನನ್ನ ಮಾತು ಎಲ್ಲಾದರೂ ತಪ್ಪಿದರೆ ಆಮೇಲೆ ಕರೆದು ಹೇಳಿ, ತಿದ್ದಿಕೊಳ್ಳುತ್ತೇನೆ.

ಒಂದು ಊರು. ಊರೆಂದ ಮೇಲೆ ಅಲ್ಲೊಬ್ಬ ಶ್ರೀಮಂತ ಇರಲೇಬೇಕಲ್ಲ, ಇದ್ದ. ಒಣಮೆಣಸಿನಕಾಯಿ ವ್ಯಾಪಾರಿ. ಅವನ ಗೋದಾಮಿನ ಮುಂದೆ ಹಾದುಹೋಗುವವರು ಸೀನದೆ ಹೋದದ್ದಿಲ್ಲ. ಆ ಊರಿಗೆ ಹೊಸಬರು ಬಂದರೆ ಸೀನಿನ ಸದ್ದು ಹಿಡಿದೇ ಅವನ ವಿಳಾಸ ಹುಡುಕಬಹುದಿತ್ತು.

ಈ ಶ್ರೀಮಂತ ಬೀಡಿ ಸೇದುತ್ತಿರಲಿಲ್ಲ, ಎಲೆ ಅಡಿಕೆ ಹಾಕುತ್ತಿರಲಿಲ್ಲ. ಆದರೆ ನೋಡಿ, ಅವನಿಗೂ ಒಂದು ಚಟವಿತ್ತು. ಸನ್ಮಾನ ಮಾಡುವ ಚಟ. ಅಂಚೆಯಣ್ಣ ನಿವೃತ್ತನಾದ, ಶಾಲು ಹೊದಿಸಿದ. ಲೈನ್‌ಮನ್ ಟ್ರಾನ್ಸ್‌ಫಾರ್ಮರ್ ರಿಪೇರಿ ಮಾಡಿದ, ಪೇಟ ತೊಡಿಸಿದ. ಓಣಿಯ ಬೋರ್‌ವೆಲ್ಲಿನಲ್ಲಿ ನೀರು ಬಿತ್ತು. ಕೊರೆದವರು ಅಷ್ಟರಲ್ಲಿ ಹೊರಟುಹೋಗಿದ್ದರು, ಹಾಗಾಗಿ ಬೋರ್‌ವೆಲ್ಲಿನ ಪೈಪಿಗೇ ಶಾಲು ಹೊದಿಸಿ ಫೋಟೋ ತೆಗೆಸಿಕೊಂಡ. ನಗಬೇಡಿ. ಈ ಸಭೆ ಕರೆದ ನಮ್ಮ ಸಮಿತಿಯ ಕಪಾಟಿನಲ್ಲಿ ಈಗ ಎಷ್ಟು ಶಾಲುಗಳಿವೆ ಎಂದು ನನಗೆ ಗೊತ್ತು.

ಅವನಿಗೊಬ್ಬ ತಮ್ಮ. ಲಾರಿ ಉರುಳಿ ಕಾಲು ಮುರಿದುಕೊಂಡಾಗ ನೋವಿಗೆಂದು ಗುಳಿಗೆ ಕೊಟ್ಟರು. ನೋವು ಹೋಯಿತು, ಗುಳಿಗೆ ಉಳಿಯಿತು. ಒಂದು ಇದ್ದದ್ದು ನಾಲ್ಕಾಯಿತು. ಊಟ ಬಿಟ್ಟ, ಅಂಗಡಿ ಬಿಟ್ಟ, ಕೊನೆಗೆ ಮನೆಯವರ ಮುಖ ನೋಡುವುದನ್ನೂ ಬಿಟ್ಟ. ಅಣ್ಣ ಕೆಟ್ಟವನಲ್ಲ. ತಮ್ಮನನ್ನು ದೂರದ ಪಟ್ಟಣದ ಚಟ ಬಿಡಿಸುವ ಕೇಂದ್ರಕ್ಕೆ ಸೇರಿಸಿದ. ಊರಿಗೆ ಮಾತ್ರ ಬೇರೆ ಹೇಳಿದ: "ನಮ್ಮ ತಮ್ಮ ಪುಣೇಕ್ಕ ಹೋಗ್ಯಾನ್ರಿ, ಕೋಲ್ಡ್ ಸ್ಟೋರೇಜಿನ ಕೆಲಸಾ ಕಲ್ಯಾಕ."

ಮೂರು ತಿಂಗಳಾಯಿತು. ತಮ್ಮ ಗುಣವಾಗಿ ಹೊರಟ. ಕರೆದೊಯ್ಯಲು ಬಂದ ಅಣ್ಣನನ್ನು ಅಲ್ಲಿಯ ಸಲಹೆಗಾರರು ಕೂರಿಸಿಕೊಂಡು ಹೇಳಿದರು: "ಸಾಹುಕಾರ್ರ, ಇದು ಮುಗೀತು ಅಂತ ತಿಳ್ಕೋಬ್ಯಾಡ್ರಿ. ಮನಿಗೆ ಹೋದ ಮ್ಯಾಲೆ ಮತ್ತ ಒಮ್ಮೆ ಜಾರಬಹುದು. ಜಾರಿದ್ರ ಅದ ದಿನಾ ಯಾರಿಗರ ಒಬ್ಬರಿಗೆ ಹೇಳಬೇಕು. ಮುಚ್ಚಿಟ್ಟು ತಗೊಳ್ಳಾಕ ಹತ್ತಿದ್ರ ಜೀವಕ್ಕ ಅಪಾಯ. ಬಿಟ್ಟ ಮೈ ಮೊದಲಿನಷ್ಟು ಗುಳಿಗಿ ತಡಕೊಳ್ಳಂಗಿಲ್ಲ."

ಶ್ರೀಮಂತ ನಕ್ಕ. "ನಮ್ಮ ಮನಿತನದಾಗ ಯಾರೂ ಜಾರಂಗಿಲ್ಲ ಬಿಡ್ರಿ."

"ಮನಿತನದ ಮಾತಲ್ರಿ ಇದು."

"ನೀವು ಒಂದ್ ಸಲಾ ನಮ್ಮೂರಿಗೆ ಬರ್ರಿ. ನಿಮಗೂ ಒಂದು ಸನ್ಮಾನ ಇಟ್ಕೊಳ್ಳೂಣು."

ಸಲಹೆಗಾರರು ಹಣೆ ಒತ್ತಿಕೊಂಡರು.

ತಮ್ಮ ಊರಿಗೆ ಬಂದು ಬಸ್ ಸ್ಟ್ಯಾಂಡಿನ ಸರ್ಕಲ್ಲಿನಲ್ಲಿ ಅಣ್ಣನ ಕಾರಿನಿಂದ ಇಳಿದು ತಲೆ ಎತ್ತಿ ನೋಡುತ್ತಾನೆ, ತಾನೇ ಎರಡಾಳೆತ್ತರ ನಿಂತಿದ್ದಾನೆ! ಫ್ಲೆಕ್ಸ್. ಕೈಮುಗಿದ ಅವನ ಚಿತ್ರ, ಮೂಲೆಯಲ್ಲಿ ಅಣ್ಣನ ಚಿತ್ರ, ಅದು ಸ್ವಲ್ಪ ದೊಡ್ಡದು. ಕೆಳಗೆ ಕೆಂಪು ಅಕ್ಷರ: 'ಚಟವನ್ನು ಚಟ್ಟಕ್ಕೇರಿಸಿದ ವ್ಯಸನ ವಿಜಯಿಗೆ ಹಾರ್ದಿಕ ಸುಸ್ವಾಗತ.' ಅಲ್ಲಿ ಚಹಾ ಕುಡಿಯುತ್ತಿದ್ದವನೊಬ್ಬ ಫ್ಲೆಕ್ಸನ್ನೂ ಇವನನ್ನೂ ನೋಡಿ ಕೇಳಿದ: "ಹಂಗಾರ ಕೋಲ್ಡ್ ಸ್ಟೋರೇಜ್ ಏನಾತ್ರಿ?"

ಗೋದಾಮಿನಲ್ಲೇ ಸನ್ಮಾನ. ಸ್ವಾಗತ ಭಾಷಣ, ನಡುವೆ ಹದಿನೆಂಟು ಸೀನು. ಶಾಲು, ಪೇಟ, ಹಣ್ಣಿನ ಬುಟ್ಟಿ. ತಮ್ಮನ ಕಣ್ಣಲ್ಲಿ ನೀರು. ಅದು ಅಳುವೋ ಮೆಣಸಿನಕಾಯಿಯ ಘಾಟೋ ಎಂದು ಯಾರಿಗೂ ತಿಳಿಯಲಿಲ್ಲ, ಏಕೆಂದರೆ ಎಲ್ಲರ ಕಣ್ಣಲ್ಲೂ ನೀರಿತ್ತು. ಅಂದೇ ಅಣ್ಣ ಘೋಷಿಸಿದ: ಸಿನಿಮಾ ನೂರು ದಿನ ಓಡಿದರೆ ಹೇಗೆ ಸಂಭ್ರಮವೋ, ತನ್ನ ತಮ್ಮ ಊರಿಗೆ ಬಂದು ಗುಳಿಗೆ ಮುಟ್ಟದ ನೂರನೇ ದಿನಕ್ಕೂ ಹಾಗೇ ಸಂಭ್ರಮ, ಇಡೀ ಊರಿಗೆ ಗೋಧಿ ಹುಗ್ಗಿ! ಮರುದಿನದಿಂದ ಫ್ಲೆಕ್ಸಿನ ತಳದಲ್ಲಿ ದಿನವೂ ಒಂದು ಚೀಟಿ ಅಂಟಿಸತೊಡಗಿದ: 'ಯಶಸ್ವಿ ಎರಡನೇ ದಿನ.' 'ಯಶಸ್ವಿ ಮೂರನೇ ದಿನ.'

ಹೇಳಿ, ದಿನವೂ ಸರ್ಕಲ್ಲಿನಲ್ಲಿ ನಿಮ್ಮ ಲೆಕ್ಕ ಹೀಗೆ ತೂಗುತ್ತಿದ್ದರೆ ನಿಮಗೆ ಹೇಗಾದೀತು? ನಾನಂತೂ ಬಸ್ಸು ಹತ್ತಿ ಓಡಿಹೋಗುತ್ತಿದ್ದೆ.

ತಮ್ಮ ಓಡಲಿಲ್ಲ. ಪಾಪ, ಪ್ರಾಮಾಣಿಕವಾಗಿ ಬಿಟ್ಟಿದ್ದ. ಕಷ್ಟಪಟ್ಟು ಬಿಟ್ಟಿದ್ದ. ಆದರೆ ಆಹ್ವಾನಗಳು ಬರತೊಡಗಿದವು. ಹೈಸ್ಕೂಲಿನಲ್ಲಿ ಉಪನ್ಯಾಸ, ಯುವಕ ಸಂಘದಲ್ಲಿ ಉಪನ್ಯಾಸ, ಒಂದು ಸೀಮಂತದ ಮನೆಯಲ್ಲೂ ಉಪನ್ಯಾಸ. ಹೋದಲ್ಲೆಲ್ಲ ಅದನ್ನೇ ಹೇಳಬೇಕು: ಗುಳಿಗೆ ಹೇಗಿರುತ್ತಿತ್ತು, ನುಂಗಿದರೆ ಏನಾಗುತ್ತಿತ್ತು, ಮೈ ಹೇಗೆ ಹಗುರಾಗುತ್ತಿತ್ತು. ಮರೆಯಬೇಕಾದದ್ದನ್ನು ವಾರಕ್ಕೆ ಮೂರು ಸಲ ಮೈಕಿನಲ್ಲಿ ನೆನಪಿಸಿಕೊಳ್ಳುವುದು! ನೋಡಿ, ಉಪವಾಸದ ದಿನ ನಿಮ್ಮನ್ನು ಮಿರ್ಚಿ ಭಜಿಯ ಅಂಗಡಿಯ ಮುಂದೆ ಕೂರಿಸಿ, ಭಜಿ ಎಷ್ಟು ಕೆಟ್ಟದ್ದು ಎಂದು ಒಂದು ತಾಸು ಮಾತಾಡಿ ಎಂದರೆ ಏನಾಗುತ್ತದೆ? ಅರ್ಧ ತಾಸಿಗೆ ಬಾಯಲ್ಲಿ ನೀರು, ಮುಕ್ಕಾಲು ತಾಸಿಗೆ ಕೈಯಲ್ಲಿ ಭಜಿ.

ಹಾಗೆಯೇ ಆಯಿತು. ಅರವತ್ತೊಂದನೇ ದಿನ ಹೈಸ್ಕೂಲಿನಲ್ಲಿ ಭಾಷಣ ಮುಗಿಸಿ, ಶಾಲು ಹೊದ್ದುಕೊಂಡೇ ಹೋಗಿ, ಎಲ್ಲಿಂದಲೋ ತಂದು ನುಂಗಿಬಿಟ್ಟ.

ಮರುದಿನ ಬೆಳಿಗ್ಗೆ ಅವನಿಗಾದ ಸಂಕಟವನ್ನು ನಾನು ವರ್ಣಿಸಲಾರೆ, ನನಗದು ಗೊತ್ತಿಲ್ಲ. ಆದರೆ ಸಲಹೆಗಾರರು ಹೇಳಿದ್ದು ಅವನಿಗೆ ನೆನಪಿತ್ತು. ಯಾರಿಗಾದರೂ ಹೇಳಬೇಕು. ಅಣ್ಣನ ಬಳಿ ಹೋದ. ಅಣ್ಣ ಸರ್ಕಲ್ಲಿಗೆ ಹೊರಟಿದ್ದ, ಕೈಯಲ್ಲಿ ಗೋಂದು, 'ಯಶಸ್ವಿ ಅರವತ್ತೆರಡು' ಚೀಟಿ.

"ಅಣ್ಣಾ, ಒಂದ್ ಮಾತು ಹೇಳಬೇಕಿತ್ತು."

"ಗೋಂದು ಒಣಗತೈತಿ, ಬಂದ ಮ್ಯಾಲೆ ಹೇಳು."

ಬಂದ ಮೇಲೆ ಅಣ್ಣನಿಗೆ ಫೋನು, ಫೋನಾದ ಮೇಲೆ ವ್ಯಾಪಾರ. ತಮ್ಮ ಹೈಸ್ಕೂಲಿಗೆ ಹೋಗಿ ಹೆಡ್ ಮಾಸ್ತರರ ಮುಂದೆ ಕುಳಿತ. "ಸರ, ನಾ ನಿನ್ನೆ ಮತ್ತ ಗುಳಿಗಿ ತಗೊಂಡೀನ್ರಿ."

ಹೆಡ್ ಮಾಸ್ತರರು ಎದ್ದು ಬಾಗಿಲು ಹಾಕಿದರು. "ಛೇ ಛೇ! ಇದನ್ನ ಭಾಷಣದಾಗ ಮಾತ್ರ ಸೇರಿಸಬ್ಯಾಡ್ರಿ. ನಿಮ್ಮ ಹೆಸರು ನಾವು ಆಗ್ಲೇ ವಾರ್ಷಿಕ ವರದಿಯೊಳಗ ಹಾಕೇವಿ."

ಆಮೇಲೆ ಅವನಿಗೂ ಒಂದು ಯೋಚನೆ ಬಂತು. ಹೇಗೂ ಕೆಟ್ಟಿದೆ, ಇನ್ನೊಂದರಿಂದ ಏನಾದೀತು? ಈ ಯೋಚನೆ ನಿಮಗೂ ಪರಿಚಯದ್ದೇ. ಶ್ರಾವಣ ಸೋಮವಾರ ಉಪವಾಸ, ಹತ್ತು ಗಂಟೆಗೆ ಮರೆತು ಒಂದು ಬಿಸ್ಕೀಟು ಬಾಯಿಗೆ ಹೋಯಿತು. ಆಗ ನಾವೇನು ಮಾಡುತ್ತೇವೆ? ಉಳಿದ ದಿನವನ್ನು ಉಳಿಸಿಕೊಳ್ಳುತ್ತೇವೆಯೇ? ಇಲ್ಲ! ಹೇಗೂ ಮುರಿಯಿತು ಎಂದು ಎರಡು ಪ್ಲೇಟು ಉಪ್ಪಿಟ್ಟು ತಿನ್ನುತ್ತೇವೆ. ಒಂದು ಬಿಸ್ಕೀಟು ಉಪವಾಸವನ್ನು ಪೂರ್ತಿ ಕೆಡಿಸಿರಲಿಲ್ಲ. ಕೆಡಿಸಿದ್ದು ಉಪ್ಪಿಟ್ಟು.

ಹೀಗೆ ಕೆಳಗೆ ತಮ್ಮ ಕದ್ದು ನುಂಗುತ್ತಿದ್ದ, ಮೇಲೆ ಫ್ಲೆಕ್ಸಿನಲ್ಲಿ ಯಶಸ್ವಿ ಎಂಬತ್ತು, ಯಶಸ್ವಿ ತೊಂಬತ್ತು. ಲೆಕ್ಕ ಏರಿದಷ್ಟೂ ಅವನ ಬಾಯಿ ಕಟ್ಟಿತು. ಹತ್ತನೇ ದಿನ ಜಾರಿದವನು ಹತ್ತು ದಿನದ ಎತ್ತರದಿಂದ ಬೀಳುತ್ತಾನೆ. ತೊಂಬತ್ತರಿಂದ ಬೀಳಲು ಯಾರಿಗೆ ಧೈರ್ಯವಿದೆ?

ನೂರನೇ ದಿನ ಬಂತು. ಗೋದಾಮು ತುಂಬಿತು. ಹಿತ್ತಲಲ್ಲಿ ಹುಗ್ಗಿ ಕುದಿಯುತ್ತಿತ್ತು. ಬೆಳಿಗ್ಗೆ ತಮ್ಮ ಎಂದಿಗಿಂತ ಹೆಚ್ಚು ನುಂಗಿದ್ದ. ಪೇಟ ತೊಟ್ಟು ವೇದಿಕೆ ಹತ್ತಿದಾಗ ಕಾಲು ಹತ್ತಿಯಂತಾಗಿ ಅವನಿಗೆ ನಿಜವಾಗಿ ಭಯವಾಯಿತು. ಮೈಕು ಹಿಡಿದು ಹೇಳಿಯೇಬಿಟ್ಟ:

"ಎಲ್ಲಾರಿಗೂ ನಮಸ್ಕಾರ. ನಾ ಸುಳ್ಳು ಹೇಳಾಕ ಒಲ್ಲೆ. ಇದು ನೂರನೇ ದಿನಾ ಅಲ್ಲ. ಅರವತ್ತು ದಿನಾ ಬಿಟ್ಟಿದ್ದೆ. ಆಮ್ಯಾಲೆ ಮತ್ತ ಶುರು ಮಾಡೀನಿ. ಇವತ್ತ ಮುಂಜಾನೆನೂ ತಗೊಂಡೀನಿ, ಭಾಳ ತಗೊಂಡೀನಿ. ನನಗ ಅಂಜಿಕಿ ಬರಾಕತ್ತೇತಿ. ಯಾರರ ನನ್ನ ಕರ್ಕೊಂಡು ಹೋಗ್ರಿ."

ಯಾರೋ ಒಬ್ಬರು ಸೀನಿದರು, ಅಷ್ಟೇ. ಶ್ರೀಮಂತನ ಮುಖ ಬಿಳುಚಿತು. ಒಂದು ಗಳಿಗೆ. ಆಮೇಲೆ ಅವನು ಎದ್ದು ಬಂದು ತಮ್ಮನ ಕೈಯಿಂದ ಮೈಕು ತೆಗೆದುಕೊಂಡ.

"ನೋಡಿದ್ರಿ ಎಲ್ಲಾರೂ! ಚಟದಾಗ ಬಿದ್ದವರ ಸಂಕಟಾ ಹೆಂಗಿರತೈತಿ ಅಂತ ನಮ್ಮ ತಮ್ಮ ಏಕಪಾತ್ರಾಭಿನಯ ಮಾಡಿ ತೋರಿಸಿದಾ! ಜೋರಾಗಿ ಚಪ್ಪಾಳಿ ಬರ್ಲಿ!"

ಬಂತು ಚಪ್ಪಾಳೆ. ಹೆಡ್ ಮಾಸ್ತರರಂತೂ ಎದ್ದು ನಿಂತು ತಟ್ಟಿದರು, ಅವರಿಗೆ ನಿಜ ಗೊತ್ತಿತ್ತು! ಕಾರ್ಯಕ್ರಮದ ನಿರೂಪಕ ಅಲ್ಲಿಯೇ ಘೋಷಿಸಿದ: ಉತ್ತಮ ಅಭಿನಯಕ್ಕಾಗಿ ವಿಶೇಷ ಶಾಲು. ಹೊದ್ದಿದ್ದ ಶಾಲಿನ ಮೇಲೆ ಇನ್ನೊಂದು ಶಾಲು ಬಿತ್ತು.

ನೋಡಿ, ಒಬ್ಬ ಮನುಷ್ಯ ಮುಳುಗುತ್ತಿದ್ದೇನೆ, ಕೈ ಕೊಡಿ ಎಂದು ಕೂಗಿದ. ಊರಿನವರು, ಆಹಾ, ಎಷ್ಟು ಚೆನ್ನಾಗಿ ಮುಳುಗುತ್ತಾನೆ ಎಂದರು.

ಚಪ್ಪಾಳೆ ತಟ್ಟದವರು ಒಬ್ಬರೇ. ಮುಂದಿನ ಸಾಲಿನಲ್ಲಿದ್ದ ಅವನ ಅತ್ತಿಗೆ, ಶ್ರೀಮಂತನ ಹೆಂಡತಿ. ಆಕೆ ಎದ್ದು ವೇದಿಕೆಯ ಹಿಂದೆ ಹೋದಳು. ತಮ್ಮ ಮೆಣಸಿನಕಾಯಿ ಚೀಲಕ್ಕೆ ಒರಗಿ ಕಣ್ಣು ಮುಚ್ಚಿದ್ದ.

"ತಮ್ಮಾ, ಕಣ್ ತಗಿ. ನೀ ಹೇಳಿದ್ದು ಖರೇ ಹೌದಲ್ಲೋ?"

"ಹೂಂ ವೈನಿ."

"ನಡಿ ಮತ್ತ, ಕೇಂದ್ರಕ್ಕ. ಬಸ್ ಐತಿ."

"ಹುಗ್ಗಿ ಊಟಾ ಐತಲ್ಲ, ಅಣ್ಣ..."

"ಹುಗ್ಗಿ ಉಣ್ಣಾಕ ಊರಿಗೆ ಊರ ಐತಿ. ನೀ ಏಳು."

ಅಣ್ಣನ ಕಾರಿಗೆ ಅಡ್ಡವಾಗಿ ನೂರು ಬೈಕು ನಿಂತಿದ್ದವು. ಹಿಂದಿನ ಬಾಗಿಲಿನಿಂದ ಅವನನ್ನು ಹಿಡಿದುಕೊಂಡು ಹೋಗಿ ಬಸ್ಸು ಹತ್ತಿಸಿದಳು. ತಲೆಯ ಮೇಲೆ ಪೇಟ ಹಾಗೇ ಇತ್ತು, ಎರಡು ಶಾಲು ಹಾಗೇ ಇದ್ದವು. ಕಂಡಕ್ಟರ್ ಸೀಟು ಬಿಡಿಸಿಕೊಟ್ಟ: "ಮದುಮಗ್ಗ ಜಾಗಾ ಬಿಡ್ರೀ! ಯವ್ವಾ, ಮದುಮಗ ಯಾಕ ತೂಕಡಸಾಕತ್ತಾನ?"

"ಬೆಳತನಕ ಮೆರವಣಿಗಿ ಇತ್ತು," ಎಂದಳಾಕೆ. ಆಮೇಲೆ ಅವನ ಕೆನ್ನೆ ತಟ್ಟುತ್ತಲೇ ಇದ್ದಳು. "ಮಲಗಬ್ಯಾಡ. ಮಾತಾಡು. ಹದಿಮೂರರ ಮಗ್ಗಿ ಹೇಳು."

"ವೈನಿ, ಎಚ್ಚರಿದ್ದಾಗೂ ನನಗ ಹದಿಮೂರರ ಮಗ್ಗಿ ಬರ್ತಿದ್ದಿಲ್ಲ."

"ಹಂಗಾರ ಎರಡರದ ಹೇಳು."

ಎರಡರ ಮಗ್ಗಿಯನ್ನು ಅವನು ದಾರಿಯುದ್ದಕ್ಕೂ ಹೇಳಿದ. ನಡುವೆ ಎರಡು ಸಲ ನಿಂತ. ನಿಂತಾಗಲೆಲ್ಲ ಆಕೆಯ ಜೀವವೂ ನಿಂತಂತಾಯಿತು. ಏನೋ ಕೆಟ್ಟಿದೆ ಎಂದು ಅರಿತ ಬಸ್ಸಿನವರೂ ದನಿಗೂಡಿಸಿದರು. "ಎರಡಾರ್ಲೆ ಹನ್ನೆರಡು!" ಎಂದು ಇಡೀ ಬಸ್ಸು ಕೂಗುತ್ತ ಪಟ್ಟಣ ಸೇರಿತು. ಕಂಡಕ್ಟರ್ ಸ್ಟಾಪು ಇಲ್ಲದ ಕಡೆ, ಕೇಂದ್ರದ ಬಾಗಿಲಲ್ಲೇ ಇಳಿಸಿದ.

ಡಾಕ್ಟರು ಒಳಗೆ ಕರೆದೊಯ್ದು ಮಾಡಬೇಕಾದದ್ದನ್ನು ಮಾಡಿದರು. ಇನ್ನೊಂದು ತಾಸು ತಡವಾಗಿದ್ದರೆ ಎಂದು ಹೇಳಿ ಮಾತು ಅಲ್ಲಿಗೇ ಬಿಟ್ಟರು. ಮರುದಿನ ಅವನು ಎದ್ದು ಕುಳಿತಾಗ ಎದುರಿಗೆ ಆ ಸಲಹೆಗಾರರು. ತಮ್ಮ ತಲೆ ತಗ್ಗಿಸಿದ. "ಸರ, ಎಲ್ಲಾ ಹಾಳ ಮಾಡ್ಕೊಂಡೆ. ಮತ್ತ ಸೊನ್ನೆಯಿಂದ ಶುರು."

"ಯಾರಂದ್ರು ಸೊನ್ನೆ ಅಂತ? ಅರವತ್ತು ದಿನಾ ಬಿಟ್ಟಿದ್ದಿ, ಅದು ಸುಳ್ಳೇನು? ಅದು ಎಲ್ಲೂ ಹೋಗಂಗಿಲ್ಲ. ಅರವತ್ತೊಂದನೇ ದಿನಾ ಏನಾತು, ಅಷ್ಟ ಹೇಳು. ಅದಕ್ಕೂ ಮೊದಲ ಹೇಳು, ಊಟಾ ಆಗೇತೇನು?"

ಇತ್ತ ಊರಲ್ಲಿ ಶ್ರೀಮಂತ ಹೆಂಡತಿಗೆ ಫೋನು ಮಾಡಿದ. ಊರಿಗೆಲ್ಲ ಗೊತ್ತಾಗಿತ್ತು. ಬಸ್ಸಿನ ತುಂಬ ಮಗ್ಗಿ ಹೇಳಿಸಿದ ಮೇಲೆ ಗೊತ್ತಾಗದಿರುತ್ತದೆಯೇ?

"ನನ್ನ ಮರ್ಯಾದಿ ಏನಾತು? ಸರ್ಕಲ್‌ನಾಗ ಹೆಂಗ ತಲಿ ಎತ್ಲಿ? ಅಷ್ಟ ದೊಡ್ಡ ಫ್ಲೆಕ್ಸ್, ಅದನ್ನೇನ್ ಮಾಡ್ಲಿ?"

"ಮಾಡ ಕಟ್ಟೇತಿ, ಮಳಿ ಬರೂ ಹಂಗೈತಿ ನೋಡ್ರಿ. ಬಿಚ್ಚಿ ಅಂಗಳದಾಗಿನ ಮೆಣಸಿನಕಾಯಿ ಮ್ಯಾಲ ಹೊಚ್ಚರಿ," ಎಂದಳು ಹೆಂಡತಿ. "ಹೊಚ್ಚಿ ಈ ಕಡೆ ಬರ್ರಿ. ನಿಮ್ಮ ತಮ್ಮ ಬದುಕ್ಯಾನ. ಅದನ್ನೊಂದು ನೀವು ಕೇಳಲೇ ಇಲ್ಲ."

ಫೋನು ಇಟ್ಟವನು ಫ್ಲೆಕ್ಸ್ ಬಿಚ್ಚಿಸಿದ. ಸಂಜೆಯ ಹೊತ್ತಿಗೆ ಶ್ರೀಮಂತ ಕೇಂದ್ರದ ಬಾಗಿಲಲ್ಲಿದ್ದ. ತಮ್ಮನ ಹಾಸಿಗೆಯ ಪಕ್ಕ ನಿಂತು ಸಲಹೆಗಾರರನ್ನು ಕೇಳಿದ: "ಈಗ ನಾ ಏನ್ ಮಾಡ್ಬೇಕ್ರಿ? ದೊಡ್ಡ ಡಾಕ್ಟರ್ನ ಕರಸ್ಲಿ? ಹೋಮಾ ಮಾಡಸ್ಲಿ?"

"ಏನೂ ಬ್ಯಾಡ್ರಿ. ದಿನಾ ಸಂಜಿಗೆ ಒಂದ್ ಮಾತು ಕೇಳ್ರಿ: ಇವತ್ತ ಹೆಂಗಿತ್ತು? ಅವ್ರು ಏನ ಹೇಳ್ಲಿ, ನೀವು ಮೊದಲ ಹೇಳೂದು ಒಂದ: ಆತು, ಊಟಾ ಮಾಡು. ಜಾರೇನಿ ಅಂದ್ರ, ಉಂಡ ಕೂಡಲೇ ನಮಗ ಫೋನ್ ಮಾಡ್ರಿ. ಮೈಯಾಗ ಒಂದೀಟು ಏರುಪೇರು ಕಂಡ್ರ ಊಟಕ್ಕೂ ಕಾಯಬ್ಯಾಡ್ರಿ, ಕರ್ಕೊಂಡು ಬರ್ರಿ. ಭಾಷಣಾ ಬ್ಯಾಡ."

ಇಷ್ಟೇನಾ ಎಂದ ಶ್ರೀಮಂತ. ಅದೆಷ್ಟು ಕಷ್ಟ ಎಂದು ಮನೆಗೆ ಬಂದ ಮೇಲೆ ಗೊತ್ತಾಯಿತು. ಮೊದಲ ಸಂಜೆ ಕೇಳಿದ. ತಮ್ಮ ಹೇಳಿದ: "ಭಾಳ ಮನಸಾಗಿತ್ತು ಅಣ್ಣಾ. ತಗೊಳ್ಳಲಿಲ್ಲ." ಶ್ರೀಮಂತನ ಕೈ ತಾನಾಗಿ ಫ್ಲೆಕ್ಸಿನವನಿಗೆ ಫೋನು ಮಾಡಲು ಹೋಯಿತು! ಹೆಂಡತಿ ಒಮ್ಮೆ ನೋಡಿದಳು. ಫೋನು ಜೇಬಿಗೆ ಮರಳಿತು. "ಆತು. ಊಟಾ ಮಾಡು," ಎಂದ. ಹೀಗೆ ದಿನ ಕಳೆದವು. ಈ ಸಲ ಎಷ್ಟು ದಿನ ಎಂದು ಯಾರೂ ಎಲ್ಲಿಯೂ ಬರೆಯಲಿಲ್ಲ.

ಒಂದು ಸಂಜೆ ದೀಪ ಹಚ್ಚುವ ಹೊತ್ತು. ಅಣ್ಣ ಎಂದಿನಂತೆ ಕೇಳಿದ: "ಇವತ್ತ ಹೆಂಗಿತ್ತು?"

ತಮ್ಮ ನೆಲ ನೋಡುತ್ತ ಹೇಳಿದ: "ಇವತ್ತ ತಗೊಂಡೆ ಅಣ್ಣಾ. ಮಧ್ಯಾಹ್ನ. ಒಂದ."

ಶ್ರೀಮಂತನ ಮುಖ ಅವನ ಗೋದಾಮಿನ ಮೆಣಸಿನಕಾಯಿಯಾಯಿತು. ಬಾಯಿ ತೆರೆದ. ಮನೆತನ ಬಾಯಿಗೆ ಬಂತು, ಮರ್ಯಾದೆ ಬಾಯಿಗೆ ಬಂತು, ಖರ್ಚು ಬಾಯಿಗೆ ಬಂತು, ತೀರಿಹೋದ ತಂದೆಯ ಹೆಸರೂ ಬಂತು. ಎಲ್ಲವನ್ನೂ ಗಟ್ಟಿಯಾಗಿ ನುಂಗಿದ. ಆ ಮನೆಯಲ್ಲಿ ಅಂದು ನುಂಗಿದ್ದರಲ್ಲಿ ಅದೇ ಕಹಿಯಾದದ್ದಿರಬೇಕು.

"ಆತು," ಎಂದ. "ಊಟಾ ಮಾಡು. ಆಮ್ಯಾಲೆ ಇಬ್ರೂ ಕೂಡೇ ಫೋನ್ ಮಾಡೂಣು."

ತಮ್ಮ ಅತ್ತ. ಈ ಸಲ ಮೆಣಸಿನಕಾಯಿಯ ನೆವ ಇರಲಿಲ್ಲ. ಅತ್ತಿಗೆ ರೊಟ್ಟಿ ಬಡಿಸಿದಳು, ಅಣ್ಣ ತಾಟಿನ ಎದುರು ಕುಳಿತ.

ಕಥೆ ಇಷ್ಟೇ. ಈಗ ನೀವು ಕೇಳಬಹುದು, ಇದರಲ್ಲಿ ಗೆದ್ದದ್ದೇನು? ಅವನು ಮತ್ತೆ ಜಾರಿದನಲ್ಲ! ಜಾರಿದ, ಹೌದು. ಮೊದಲ ಸಲ ಜಾರಿದಾಗ ಅದು ಮನೆಯವರ ಕಿವಿಗೆ ಬೀಳಲು ನಲವತ್ತು ದಿನ ಬೇಕಾಯಿತು, ಸಾಯುವ ತನಕ ಹೋಯಿತು. ಎರಡನೇ ಸಲ ಅದೇ ಸಂಜೆ ಹೇಳಿದ. ಅವನು ಬದುಕಿದ್ದು ಈ ಅಂತರದಲ್ಲಿ. ಈ ಅಂತರವನ್ನು ಮಾಡಿಕೊಟ್ಟವರು ಮನೆಯವರು.

ಈಗ ನಮ್ಮ ಕಡೆ ತಿರುಗೋಣ. ಶ್ರೀಮಂತನನ್ನು ನೋಡಿ ನಕ್ಕಿರಲ್ಲ, ಅವನು ಯಾರು? ನಾನೇ ಹೇಳಿಬಿಡುತ್ತೇನೆ. ಹೋದ ವರ್ಷ ಇದೇ ವೇದಿಕೆಯ ಮೇಲೆ ಚಟ ಬಿಟ್ಟ ನಾಲ್ವರನ್ನು ಕರೆದು, ಹೆಸರು ಕೂಗಿ, ಹೂವಿನ ಹಾರ ಹಾಕಿದೆವು. ಕೂಗಿದವನು ನಾನು. ಚಪ್ಪಾಳೆ ತಟ್ಟಿದವರು ನೀವು. ಒಳ್ಳೆಯ ಮನಸ್ಸಿನಿಂದಲೇ ಮಾಡಿದೆವು. ಆದರೆ ಆ ನಾಲ್ವರಲ್ಲಿ ಒಬ್ಬರು ಈಗ ನನ್ನನ್ನು ಕಂಡರೆ ರಸ್ತೆ ದಾಟಿ ಆಚೆ ಹೋಗುತ್ತಾರೆ. ಏಕೆ ಎಂದು ನನಗೆ ಬಹಳ ತಿಂಗಳು ಹೊಳೆಯಲಿಲ್ಲ. ಈಗ ಹೊಳೆದಿದೆ. ನಾಳೆ ಅವರ ಮನೆಗೆ ಹೋಗುತ್ತೇನೆ. ಹಾರ ಒಯ್ಯುವುದಿಲ್ಲ.

ನಿಮ್ಮ ಮನೆಯಲ್ಲಿ ಗುಳಿಗೆಯೇ ಇರಬೇಕೆಂದಿಲ್ಲ. ಕುಡಿತ ಇರಬಹುದು, ಗಾಂಜಾ ಇರಬಹುದು, ಫೋನಿನ ಜೂಜು ಇರಬಹುದು. ಇಂದು ಮನೆಗೆ ಹೋದ ಮೇಲೆ ಅವರಿಂದ ಮಗುವಿನ ತಲೆ ಮುಟ್ಟಿಸಿ ಆಣೆ ಮಾಡಿಸಬೇಡಿ. ಆಣೆ ಮುರಿದ ದಿನ ಅವರು ಮಗುವಿನ ಮುಖವನ್ನೂ ನೋಡಲಾರರು. ಬಾಗಿಲಲ್ಲೇ ನಿಲ್ಲಿಸಿ ಬಾಯಿ ಮೂಸಬೇಡಿ. ಬಿಟ್ಟಿದ್ದಾರೆಂದು ಬೀಗರ ಮುಂದೆ ಕೊಚ್ಚಿಕೊಳ್ಳಲೂ ಬೇಡಿ. ಸಂಜೆ ಒಮ್ಮೆ ಕೇಳಿ, ಇವತ್ತು ಹೇಗಿತ್ತು ಎಂದು. ಕೇಳಿದ ಮೇಲೆ ಬಂದ ಉತ್ತರವನ್ನು ತಡೆದುಕೊಳ್ಳಿ. ಅಷ್ಟು ಮಾಡಿ. ಜಾರಿದ್ದೇನೆ ಎಂದರೆ ಮೊದಲು ತಾಟು ಹಾಕಿ, ಆಮೇಲೆ ಡಾಕ್ಟರಿಗೆ ಫೋನು ಮಾಡಿ. ಮೈ ತೂಗುತ್ತಿದ್ದರೆ, ಮಾತು ತೊದಲುತ್ತಿದ್ದರೆ ತಾಟನ್ನೂ ಬಿಡಿ, ಸೀದಾ ಆಸ್ಪತ್ರೆಗೆ ನಡೆಯಿರಿ. ಇನ್ನು, ಸ್ವತಃ ಜಾರಿರುವವರು ಯಾರಾದರೂ ಈ ಸಭೆಯಲ್ಲಿ ಹಿಂದೆ ಕಂಬಕ್ಕೆ ಒರಗಿ ಕುಳಿತಿದ್ದರೆ, ಒಂದು ಬಿಸ್ಕೀಟು ತಿಂದಿದ್ದೀರಿ, ಅಷ್ಟೇ. ಉಪ್ಪಿಟ್ಟಿನ ತಟ್ಟೆಗೆ ಕೈ ಹಾಕುವ ಮೊದಲು ಯಾರಿಗಾದರೂ ಒಬ್ಬರಿಗೆ ಹೇಳಿ. ಯಾರೂ ಸಿಗದಿದ್ದರೆ ನನಗೆ ಹೇಳಿ. ನಾನು ಮೈಕು ಆರಿಸಿಯೇ ಕೇಳುತ್ತೇನೆ.

ಆ ತಮ್ಮ ಈಗ ಹೇಗಿದ್ದಾನೆ ಎಂದು ಕೇಳುತ್ತೀರಿ. ನನಗೆ ಗೊತ್ತಿಲ್ಲ. ಮೂರನೇ ಸಲ ಜಾರಿದನೋ, ಅಂದಿನದೇ ಕೊನೆಯೋ ತಿಳಿಯದು. ಈ ಕಥೆಯನ್ನು ನನಗೆ ಹೇಳಿದ ಒಬ್ಬ ಮೆಣಸಿನಕಾಯಿ ದಲ್ಲಾಳಿಯನ್ನು ನಾನೂ ಕೇಳಿದೆ, ಅವರಿಗೂ ಗೊತ್ತಿರಲಿಲ್ಲ. ಕೆಲವರು ಒಂದೇ ಸಲಕ್ಕೆ ಬಿಡುತ್ತಾರೆ, ಕೆಲವರು ಹತ್ತು ಸಲ ಜಾರುತ್ತಾರೆ, ಅದು ಏಕೆ ಹಾಗೆ ಎಂಬುದೂ ನನಗೆ ತಿಳಿದಿಲ್ಲ.